ಬೆನ್ನ ಮೇಲಿನ ಹೆಪ್ಪು

ಪೋರ್ಚುಗಲ್‌ಗೆ ಹೊರಟಿದ್ದ ಮಗಳು ಹೋದ ತಿಂಗಳು ಗ್ಯಾರೇಜಿನಿಂದ ನನ್ನ ಹಳೆಯ ಬ್ಯಾಕ್‌ಪ್ಯಾಕ್ ಎಳೆದು ತಂದು ಅಡುಗೆಮನೆಯ ನೆಲದ ಮೇಲೆ ಕೊಡವಿದಳು. ಸೋಪಿನ ಚೂರು, ಒಂಟಿ ಕಾಲುಚೀಲ, ಆಮೇಲೆ ಠಣ್ ಎಂದು ಬಿದ್ದದ್ದು ತಿರುಪಿನ ಮುಚ್ಚಳದ ಒಂದು ಪುಟ್ಟ ಸ್ಟೀಲ್ ಡಬ್ಬಿ. "ಅಮ್ಮಾ, ಇದು ಏನು? ಇದು ನಂಗೆ ಬೇಡ, ಟೂ ಹೆವಿ," ಎಂದಳು. ನಾನು ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೆ ಏನು ವಾಸನೆ ಉಳಿದೀತು? ಆದರೂ ಹುಳಿ ಮೊಸರಿನ ವಾಸನೆ ಬಂದೇ ಬಂತು, ಅದರ ಹಿಂದೆಯೇ ಪಕ್ಕದ ಮನೆಯ ಆಂಟಿ…

ತೊಂಬತ್ತರ ದಶಕದ ಕೊನೆ. ನಾನಾಗ ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಒಂದು ಬೇಸ್‌ಮೆಂಟ್ ಬಾಡಿಗೆಗೆ ಹಿಡಿದು, ದಿನಾ ಆರೆಂಜ್ ಲೈನ್ ಮೆಟ್ರೋ ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಮದುವೆಯಾಗಿರಲಿಲ್ಲ, ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೈಸೂರಿನಲ್ಲಿದ್ದಾಗ ಬೆಂಗಳೂರು ಬೇಕು, ಅಲ್ಲಿಗೆ ಹೋದರೆ ಅಮೆರಿಕ ಬೇಕು, ಇಲ್ಲಿಗೆ ಬಂದ ಮೇಲೆ ಇನ್ನೆಲ್ಲೋ ಹೋಗಬೇಕು. ಎರಡು ವರ್ಷದ ರಜೆಯನ್ನೆಲ್ಲ ಕೂಡಿಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು, ಲಿಸ್ಬನ್ನಿನಿಂದ ಸ್ಪೇನಿನ ತುದಿಯವರೆಗೆ ಸಮುದ್ರದಂಚಿನ ಊರುಗಳನ್ನು ಸುತ್ತಲು ಹೊರಟಿದ್ದೆ.

ಪಕ್ಕದ ಮನೆಯ ಆಂಟಿ ಧಾರವಾಡದ ಕಡೆಯವರು. ಐವತ್ತೆಂಟು ದಾಟಿತ್ತು. ಡಾಕ್ಟರಾಗಿದ್ದ ಅಂಕಲ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಬ್ಬನೇ ಮಗ, ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಎಂಜಿನಿಯರ್. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ತನ್ನ ಮನೆಯ ಕೆಳಗಡೆ ತಾಯಿಗೆಂದೇ ಬಾತ್‌ರೂಮ್ ಸಮೇತ ಕೋಣೆ ಕಟ್ಟಿಸಿದ್ದ. ಫೇರ್‌ಫ್ಯಾಕ್ಸಿನ ಮನೆ ಮಾರಿ ಅಮ್ಮ ತನ್ನ ಹತ್ತಿರ ಬಂದುಬಿಡಲಿ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದ. ಆಂಟಿ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ.

"ಮನಿ ಬಿಡಾಕ ಮನಸಿಲ್ಲ. ಆದ್ರ ಒಬ್ಬಾಕೀ ಹೆಂಗಿರ್ಲಿ ಹೇಳು? ತೌರ್‍ಮನ್ಯಾಗ ಹನ್ನೆರಡು ಮಂದಿ, ಆಮ್ಯಾಲೆ ಗಂಡ, ಈಗ ದಿನಾ ರಾತ್ರಿ ಯಾರರ ಒಬ್ಬರು ಬಂದು ಮಲಗ್ತಾರ. ಹುಟ್ಟಿದಾಗಿಂದ ಒಂದ ರಾತ್ರಿನೂ ಒಬ್ಬಾಕೀ ಇದ್ದಿಲ್ಲವಾ ನಾ," ಎಂದು ಒಮ್ಮೆ ನನ್ನೆದುರು ಅತ್ತುಬಿಟ್ಟಿದ್ದರು. ನಾನು ಟಿಕೆಟ್ ತೆಗೆದ ಸುದ್ದಿ ಹೇಳಿದ ದಿನ, "ನಾನೂ ಬರ್ತೇನಿ," ಎಂದರು. ತಮಾಷೆ ಅಂದುಕೊಂಡೆ. ಮಾರನೆಯ ದಿನ ಮಗನ ಕಾಲೇಜಿನ ಕಾಲದ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ವಾಪಸ್ ಬಂದೊಡನೆ ಉತ್ತರ ಹೇಳುತ್ತೇನೆಂದು ಮಗನಿಗೆ ಮಾತು ಕೊಟ್ಟಾಗಿತ್ತು.

ಚೀಲದಲ್ಲಿ ಏನಿತ್ತು ಅಂತೀರಿ? ಎರಡು ಚೂಡಿದಾರ್, ಒಂದು ಸ್ವೆಟರ್, ಕಟಕ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಹೆಪ್ಪಿನ ಡಬ್ಬಿ! ಮದುವೆಯಾಗಿ ಬರುವಾಗ ಬಟ್ಟೆಯ ಚೂರಿಗೆ ಮೊಸರು ಹಚ್ಚಿ, ಒಣಗಿಸಿ, ಧಾರವಾಡದಿಂದ ತಂದ ಹೆಪ್ಪಂತೆ ಅದು. ಅಂದಿನಿಂದ ಒಂದು ದಿನವೂ ತಪ್ಪದೆ ಅದರಿಂದಲೇ ಮೊಸರು ಮಾಡುತ್ತಿದ್ದರು. "ಆಂಟಿ, ಯುರೋಪಲ್ಲಿ ಮೊಸರು ಸಿಗಲ್ವಾ?" ಎಂದು ನಕ್ಕೆ. "ಮೊಸರು ಸಿಗ್ತದ. ಇದು ಸಿಗ್ತದೇನು? ಮಗನ ಮನ್ಯಾಗ ಬಿಟ್ಟು ಬಂದ್ರ ಸೊಸಿ ಫ್ರಿಜ್ ತೊಳಿಯೋವಾಗ ಚೆಲ್ಲಿಬಿಡ್ತಾಳ," ಎಂದು ಬಾಯಿ ಮುಚ್ಚಿಸಿದರು.

ಹಾಗಾಗಿ ಪ್ರತಿ ಊರಿನಲ್ಲೂ ಇದೇ ಕಥೆ. ಬಸ್ಸಿಳಿದ ಕೂಡಲೇ ಹಾಲು ಹುಡುಕಬೇಕು. ತಂಗುವ ಮನೆಯೊಡತಿಗೆ ಕೈಸನ್ನೆಯಲ್ಲೇ ಬಿಸಿ ಮಾಡಿಕೊಡು ಅನ್ನಬೇಕು. ಆಂಟಿ ಬೆರಳದ್ದಿ ಹದ ನೋಡಿ, ಹೆಪ್ಪು ಹಾಕಿ, ಸ್ವೆಟರ್ ಸುತ್ತಿ, ಡಬ್ಬಿಯನ್ನು ಮೂಲೆಯಲ್ಲಿಡುತ್ತಿದ್ದರು. "ಅಲುಗಾಡಿಸಬ್ಯಾಡ!" ಮೊಸರಾಗುವ ತನಕ ಆ ಊರು ಬಿಡುವ ಹಾಗಿಲ್ಲ. ಪೋರ್ಚುಗಲ್ಲಿನ ಲಾಗೋಸ್‌ನಲ್ಲಿ ಬೆಳಗಿನ ಬಸ್ಸು ತಪ್ಪಿತು, ಸ್ಪೇನಿನ ಕಾದಿಸ್‌ನಲ್ಲೂ ತಪ್ಪಿತು. ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ಮೊಸರಿಗೋಸ್ಕರ ಸಮುದ್ರ ಬಿಟ್ಟು ಕೋಣೆ ಕಾಯುವುದೇ?

ಅವರ ಚಡಪಡಿಕೆ ಬೇರೆ ಥರದ್ದು. ಫೋನ್ ಬೂತ್ ಕಂಡರೆ ಸಾಕು, ದಾರಿಯ ಆಚೆ ಬದಿಗೆ ಹೋಗುತ್ತಿದ್ದರು. "ಮಗನಿಗೆ ಫೋನ್ ಮಾಡಲ್ವಾ ಆಂಟಿ?" ಎಂದರೆ, "ಮುಂದಿನ ಊರಿಂದ ಮಾಡ್ತೇನಿ," ಎನ್ನುತ್ತಿದ್ದರು. ಮುಂದಿನ ಊರಿಗೆ ಬಂದರೆ ಮತ್ತೆ ಅದೇ ಉತ್ತರ. ಬಿಳಿ ಗೋಡೆಯ ಓಣಿಗಳಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ನಡೆಯುತ್ತಿದ್ದರು. ಅವರ ಹಿಂದೆ ಹೆಜ್ಜೆ ಹಾಕಿ ನನಗೇ ಸುಸ್ತಾಗುತ್ತಿತ್ತು.

ಕೊನೆಗೆ ತರೀಫಾ ತಲುಪಿದೆವು. ಸ್ಪೇನ್ ಅಲ್ಲಿಗೆ ಮುಗಿಯುತ್ತದೆ. ಎದುರಿಗೇ ಆಫ್ರಿಕಾದ ಬೆಟ್ಟಗಳು. ಮುಂದಿನ ಊರೇ ಇಲ್ಲ! ಆಂಟಿ ದಂಡೆಯ ಮೇಲೆ ತುಂಬ ಹೊತ್ತು ನಿಂತು, "ಅಲ್ಲಿಗೆ ಹೋಗೂಣೇನು?" ಎಂದರು. ನನ್ನದು ಭಾರತದ ಪಾಸ್‌ಪೋರ್ಟ್, ಒಂದೇ ಸಲ ಒಳಗೆ ಬಿಡುವ ವೀಸಾ. ದಾಟಿದರೆ ಸ್ಪೇನಿಗೆ ಮರಳುವಂತಿಲ್ಲ. ಅವರದು ಅಮೆರಿಕದ ಪಾಸ್‌ಪೋರ್ಟ್. "ನೀವು ಹೋಗಿಬನ್ನಿ ಆಂಟಿ, ಸಂಜೆಗೆ ವಾಪಸ್ ದೋಣಿ ಇದೆ," ಎಂದೆ. ನನ್ನ ಮುಖ ನೋಡಿದರು. ಅವರಿಗೆ ಭಯವಿತ್ತು, ಕಾಣುತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಹೆಪ್ಪು ಹಾಕಿ, "ಇದನ್ನ ನೋಡ್ಕೋ. ನನ್ನ ಮಗನಿಗೆ ಫೋನ್ ಮಾಡಿ ಆರಾಮ ಇದ್ದೀವಿ ಅಂತಷ್ಟ ಹೇಳು," ಎಂದು ಪಕ್ಕದ ಬಂದರಿಗೆ ಬಸ್ಸು ಹತ್ತಿದರು.

ಮಧ್ಯಾಹ್ನ ಗಾಳಿ ಎದ್ದಿತು. ಅಬ್ಬಾ, ಎಂಥ ಗಾಳಿ! ಕಿಟಕಿಗಳು ಬಡಿದುಕೊಂಡವು. ಮನೆಯೊಡತಿ ಬಂದು ಕೈಯಾಡಿಸಿ ಹೇಳಿದಳು: ದೋಣಿ ಇಲ್ಲ, ನಾಳೆ. ಅದೇ ಹೊತ್ತಿಗೆ ಮಗನಿಗೆ ಫೋನ್ ಮಾಡಿದೆ. ಮಾತು ಕೊಟ್ಟಿದ್ದೆನಲ್ಲ.

"ಆರಾಮಿದ್ದೀವಿ," ಎಂದೆ.

"ಥ್ಯಾಂಕ್ ಗಾಡ್. ಅಮ್ಮಂಗೆ ಕೊಡಿ. ಮನೆಗೆ ಬೈಯರ್ ರೆಡಿ ಇದ್ದಾರೆ, ಅವಳು ಎಸ್ ಅಂದ್ರೆ ಸಾಕು."

"ಅಮ್ಮ… ಇಲ್ಲಿಲ್ಲ."

"ಮತ್ತೆ ಎಲ್ಲಿದ್ದಾಳೆ?"

"ಆಫ್ರಿಕಾದಲ್ಲಿ."

ಆಮೇಲೆ ಅವನು ಏನೇನು ಕೂಗಿದ ಎಂದು ಬರೆಯುವುದಿಲ್ಲ. ಪಾಪ, ಮಗ ಅಲ್ಲವೇ?

ಆ ರಾತ್ರಿ ನಾನು ಎಲ್ಲಿಗೂ ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಕಾಲುಗಳು ಸುಮ್ಮನಿದ್ದವು. ಮೊಸರು ಗಟ್ಟಿಯಾಗಿ ಕೂತಿತ್ತು, ಆದರೆ ನಾಳೆಗೆ ಹುಳಿಯಾದರೆ ಹೆಪ್ಪು ಕೆಡುತ್ತದೆಂಬ ಭಯ. ಹಾಲು ಬೇಡಿ ತಂದು, ಅವರ ಹಾಗೆಯೇ ಬೆರಳದ್ದಿ ನೋಡಿ, ಹೊಸದಾಗಿ ಹೆಪ್ಪು ಹಾಕಿದೆ. ಡಬ್ಬಿಯ ಪಕ್ಕದಲ್ಲೇ ಕೂತು ದೇವರೇ ದೇವರೇ ಎನ್ನುತ್ತಿದ್ದೆ.

ಮಾರನೆಯ ಮಧ್ಯಾಹ್ನ ಆಂಟಿ ಬಂದರು. ಕೂದಲೆಲ್ಲ ಕೆದರಿತ್ತು. ನಾನು ಅಳುತ್ತಾ ತಬ್ಬಿಕೊಂಡರೆ ಅವರು ಕೇಳಿದ್ದು, "ಹೆಪ್ಪು ಏನಾತು?" ತೋರಿಸಿದೆ. ಒಂದು ಚಮಚ ತಿಂದು ತಲೆಯಾಡಿಸಿದರು. ಆಮೇಲೆ ಮಂಚದ ಮೇಲೆ ಕೂತು ಮೆಲ್ಲಗೆ ಹೇಳಿದರು: "ಅಲ್ಲೇ ಒಂದು ಲಾಡ್ಜಿನ್ಯಾಗ ಸಣ್ಣ ಖೋಲಿ ಕೊಟ್ರು. ಮದಲ ಅಂಜಿಕಿ ಬಂತು. ಬಾಗಲಾ ಹಾಕ್ಕೊಂಡು, ಕುರ್ಚಿ ಅಡ್ಡ ಇಟ್ಟು ಕೂತೆ. ಆಮ್ಯಾಲೆ… ಎಷ್ಟ್ ಚಂದ ನಿದ್ದಿ ಬಂತಂತಿ ತಂಗಿ! ಯಾರೂ ಎಬ್ಬಸಲಿಲ್ಲ." ಹೇಳುತ್ತಾ ಹೇಳುತ್ತಾ ನಗತೊಡಗಿದರು.

ನಂತರ ತಾವೇ ಎದ್ದು ಫೋನಿನ ಹತ್ತಿರ ಹೋದರು. "ಏನಪಾ, ಬೈದು ಮುಗಸಿದೇನು? ಕೇಳಿಲ್ಲಿ. ಖೋಲಿ ಚಲೋ ಕಟ್ಟಿಸೀದಿ. ಬರ್ತೇನಿ, ಹಬ್ಬಕ್ಕ ಬರ್ತೇನಿ, ನಿನ್ನ ಮಕ್ಕಳನ್ನ ನೋಡಾಕ ಬರ್ತೇನಿ. ಇರಾಂಗಿಲ್ಲ. ಮನಿ ಮಾರಬ್ಯಾಡ."

ಮುಂದೆ ಹತ್ತಿರಹತ್ತಿರ ಹತ್ತು ವರ್ಷ ಆ ಮನೆಯಲ್ಲಿ ಒಬ್ಬರೇ ಇದ್ದರು, ರಾಣಿಯ ಹಾಗೆ. ನನಗೂ ಆ ಪ್ರವಾಸದ ಡಬ್ಬಿಯಲ್ಲೇ ಹೆಪ್ಪು ಕೊಟ್ಟಿದ್ದರು. ನಾನೋ ಎಷ್ಟು ಸಲ ಕೆಡಿಸಿದೆನೋ ಲೆಕ್ಕವಿಲ್ಲ. ಕೆಟ್ಟಾಗಲೆಲ್ಲ ಬಟ್ಟಲು ಹಿಡಿದು ಅವರ ಬಾಗಿಲು ತಟ್ಟುತ್ತಿದ್ದೆ. ಮದುವೆಯಾಗಿ ಫೋರ್ಟ್ ಮಿಲ್‌ಗೆ ಬಂದ ಮೇಲೆ ಬಾಗಿಲು ದೂರವಾಯಿತು, ಫೋನ್ ಉಳಿಯಿತು.

ಕಾಯಿಲೆ ಜೋರಾದಾಗ ಕೊನೆಯ ಕೆಲವು ವಾರಗಳಿಗೆ ಮಗ ಅವರನ್ನು ಆ ಕೆಳಗಿನ ಕೋಣೆಗೆ ಕರೆದೊಯ್ದ. ಒಂದು ಸಂಜೆ ಫೋನ್ ಮಾಡಿದೆ. ದನಿ ನೂಲಿನ ಎಳೆಯಷ್ಟಾಗಿತ್ತು. ಭಾನುವಾರ ಬರುತ್ತೇನೆ, ಮೊಸರು ತರುತ್ತೇನೆ ಎಂದೆಲ್ಲ ಬಡಬಡಿಸಿದೆ. "ಸುಸ್ತಾಗೇದ ತಂಗಿ," ಎಂದರು. ಆಮೇಲೆ ನಗುತ್ತಲೇ ಹೇಳಿದರು: "ಮುಂದಿನ ಊರಿಂದ ಫೋನ್ ಮಾಡ್ತೇನಿ…" ನಾನೂ ನಕ್ಕೆ. ಭಾನುವಾರಕ್ಕೆ ಮೊದಲೇ ಮಗನ ಫೋನ್ ಬಂತು. ಆಮೇಲೊಂದು ಸಲ ನನ್ನ ಹೆಪ್ಪೂ ಕೆಟ್ಟಿತು. ತಟ್ಟಲು ಬಾಗಿಲಿರಲಿಲ್ಲ.

ಮಗಳು ಬ್ಯಾಗು ತೆಗೆದುಕೊಂಡು ಹೋದಳು, ಡಬ್ಬಿ ಇಲ್ಲೇ ಇದೆ. ನಿನ್ನೆ ಲಿಸ್ಬನ್ನಿನಿಂದ ಫೋನ್ ಮಾಡಿದ್ದಳು. ಹಿಂದೆ ಗೆಳತಿಯರ ಗಲಾಟೆ, ಬಸ್ಸಿನ ಸದ್ದು. ಎರಡು ಮಾತಾಡುವುದರೊಳಗೆ, "ಅಮ್ಮಾ, ಬಸ್ ಬಂತು, ನೆಕ್ಸ್ಟ್ ಟೌನಿಂದ ಕಾಲ್ ಮಾಡ್ತೀನಿ, ಓಕೆ?" ಎಂದಳು.

"ಬೇಡ!" ಎಂದೆ. ನನ್ನ ಕೂಗಿಗೆ ನಾನೇ ಬೆಚ್ಚಿದೆ. "ಮುಂದಿನ ಊರು ಬೇಡ ಕಂದಾ. ಬಸ್ಸು ಇನ್ನೊಂದು ಬರುತ್ತೆ. ಈಗ ಇರೋ ಊರಿಂದಲೇ ಇನ್ನೊಂಚೂರು ಮಾತಾಡು."