ವೆಂಡೆಲ್ ಎರವಲು ಕೊಡುವ ವಿಮಾನ

ಇಂಗ್ಲೆಂಡಿನ ಸಫೋಕ್‌ನ ಹೊಲಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಅಮೆರಿಕನ್ ವಾಯುನೆಲೆಯಲ್ಲಿ, ಯುದ್ಧವಿಮಾನವೊಂದರ ರೆಕ್ಕೆಯ ಮೇಲೆ ಮಂಡಿಯೂರಿ ಕೂತ ಸಾರ್ಜೆಂಟ್ ವೆಂಡೆಲ್ ಹ್ರೂಬಿ ಪೈಲಟ್‌ನ ಮುಂದಿನ ಗಾಜನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ನೊಣದ ಒಂದು ಚುಕ್ಕಿ ಉಳಿದ್ರೂ ಮೇಲೆ ಅದು ಜರ್ಮನ್ ವಿಮಾನದ ಥರ ಕಾಣುತ್ತೆ. ನಮ್ಮ ಹುಡುಗ ನೊಣ ಅಟ್ಟಿಸ್ಕೊಂಡು ಬರ್ಲಿನ್‌ವರೆಗೆ ಹೋಗ್ಬಾರದಲ್ಲ."

ಹುಡುಗ ಎಂದರೆ ಪೈಲಟ್, ಲೆಫ್ಟಿನೆಂಟ್ ಆಸ್ಟ್ರಾಂಡರ್. ವಿಮಾನ ಮಾತ್ರ ವೆಂಡೆಲ್‌ರದು. ಅವನಿಗೆ ದಿನವೂ ಎರವಲು ಕೊಡುತ್ತಾರಂತೆ. ವೆಂಡೆಲ್‌ರಂತೆ 'ಚೀಫ್' ಎನಿಸಿಕೊಂಡ ಇಲ್ಲಿನ ಮುಖ್ಯ ಮೆಕ್ಯಾನಿಕ್‌ಗಳೆಲ್ಲರ ವಾದವೂ ಇದೇ. ಪತ್ರಿಕೆಯಲ್ಲಿ ಫೋಟೋ ಬರುವುದು ಪೈಲಟ್‌ನದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ ವೆಂಡೆಲ್‌ಗೆ ಈಗ ಮನೆಯೆಂದರೆ ವಿಮಾನದ ಪಕ್ಕದಲ್ಲೇ ಹಳೆಯ ಪೆಟ್ಟಿಗೆಗಳ ಹಲಗೆ ಬಡಿದು ಕಟ್ಟಿಕೊಂಡ ಗೂಡು. ಚಳಿಗೆ, ಪೆಟ್ರೋಲಿಗೆ ಬೆರಳುಗಳು ಬಿರಿದಿವೆ. ಕೈಗವಸು ತೊಟ್ಟರೆ ಸಣ್ಣ ನಟ್ಟು ಹಿಡಿತಕ್ಕೆ ಸಿಗುವುದಿಲ್ಲ. ನಿನ್ನೆ ಹಳೆಯ ಇಂಜಿನ್ ಇಳಿಸಿ ಹೊಸದನ್ನು ಕೂರಿಸಿದ್ದಾರೆ. ಅದು ಶತ್ರುವಿನ ನೆಲದ ಮೇಲೆ ಹೋಗುವುದು ಇವತ್ತೇ ಮೊದಲು.

"ಇಂಜಿನ್ ನಂಬಬಹುದಾ ಚೀಫ್?" ಸೀಟಿನಲ್ಲಿ ಕೂತ ಆಸ್ಟ್ರಾಂಡರ್ ಕೇಳುತ್ತಾನೆ.

"ನಂಬಿಕೆ ಇಲ್ದಿದ್ರೆ ಇಳೀರಿ ಸಾರ್. ನನ್ನ ವಿಮಾನ ಇಲ್ಲೇ ಇದ್ರೆ ನಂಗೂ ನೆಮ್ಮದಿ."

ನೆಲದ ಮೇಲೆ ಓಡುವಾಗ ವಿಮಾನದ ಉದ್ದ ಮೂತಿ ಪೈಲಟ್‌ಗೆ ದಾರಿ ಮರೆಮಾಡುತ್ತದೆ. ಅದಕ್ಕೇ ವೆಂಡೆಲ್ ರೆಕ್ಕೆಯ ಮೇಲೆ ಕೂತು, ಕೈಸನ್ನೆಯಲ್ಲೇ ಎಡ ಬಲ ತೋರಿಸುತ್ತಾ ರನ್‌ವೇವರೆಗೆ ಹೋಗಿ ಇಳಿಯುತ್ತಾರೆ.

ಮಧ್ಯಾಹ್ನ ಒಂದೊಂದೇ ವಿಮಾನ ಮರಳುತ್ತದೆ. ವೆಂಡೆಲ್‌ರದು ಮಾತ್ರ ಇಲ್ಲ. ವಿಮಾನದ ಬಂದೂಕುಗಳನ್ನು ನೋಡಿಕೊಳ್ಳುವ ಡೆಲ್ಮರ್ ಬ್ರೆಡ್ಡು, ಮಾಂಸ ತಂದಿದ್ದಾನೆ.

"ತಿನ್ನೋ. ನೀನು ಉಪವಾಸ ಕೂತ್ರೆ ವಿಮಾನಕ್ಕೇನು ಪೆಟ್ರೋಲ್ ಮಿಗುತ್ತಾ?"

"ಇಂಜಿನ್ ಕೈಕೊಟ್ಟಿದ್ರೆ, ಕೈಕೊಟ್ಟಿದ್ದು ನಾನೇ ಕಣೋ," ಎನ್ನುತ್ತಾರೆ ವೆಂಡೆಲ್. ಅವರ ಕಣ್ಣು ಆಕಾಶ ಬಿಟ್ಟು ಕದಲುವುದಿಲ್ಲ.

ಅಷ್ಟರಲ್ಲಿ ಇಂಜಿನ್ನಿನ ಮೊರೆತದ ನಡುವೆ ಸಿಳ್ಳೆ ಕೇಳಿಸುತ್ತದೆ. ಹಾರುವ ಮುನ್ನ ಬಂದೂಕಿನ ಬಾಯಿಗಳಿಗೆ ಅಂಟಿಸಿದ ಟೇಪಿನ ಪಟ್ಟಿಯನ್ನು ಒಳಗಿಂದ ಹಾರಿದ ಗುಂಡು ಹರಿದರೆ, ಗಾಳಿ ಹಾಗೆ ಸಿಳ್ಳೆ ಹೊಡೆಯುತ್ತದೆ. ಕಾದಾಡಿ ಬಂದ ವಿಮಾನ ಅದು. ವೆಂಡೆಲ್ ಆಗಲೇ ಓಡುತ್ತಿದ್ದಾರೆ.

ಆಸ್ಟ್ರಾಂಡರ್ ತಲೆ ಕೆರೆದುಕೊಳ್ಳುತ್ತಾ ಇಳಿಯುತ್ತಾನೆ. "ರೆಕ್ಕೆ ತುದೀಲಿ ತೂತು ಬಿದ್ದಿದೆ ಚೀಫ್, ತಪ್ಪಾಯ್ತು. ಇಂಜಿನ್ ಮಾತ್ರ ಒಂದ್ಸಲಾನೂ ಕೆಮ್ಮಲಿಲ್ಲ."

"ಎರವಲು ತಗೊಂಡಿದ್ದನ್ನ ಹಿಂಗಾ ಸಾರ್ ತಂದುಕೊಡೋದು?" ಎಂದು ಗದರುತ್ತಲೇ ವೆಂಡೆಲ್ ಬಿಸಿ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. ಅವರಿಗಾದ ಖುಷಿ ಮುಚ್ಚಿಡುವಂಥದ್ದಲ್ಲ.

ಒಂದೇ ಸೀಟಿನ ವಿಮಾನ. ವೆಂಡೆಲ್ ಅದರಲ್ಲಿ ಒಮ್ಮೆಯೂ ಹಾರಿಲ್ಲ. ಆಸೆಯಿಲ್ಲವೇ ಎಂದು ಕೇಳಿದರೆ, ಡೆಲ್ಮರ್ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಬಾಯ್ತುಂಬ ತಿನ್ನುತ್ತಾ ಹೇಳುತ್ತಾರೆ:

"ರನ್‌ವೇವರೆಗೆ ದಿನಾ ರೆಕ್ಕೆ ಮೇಲೆ ಕೂತು ಹೋಗ್ತೀನಲ್ಲ. ಮುಂದಿನ ದಾರಿ ಅವನು ನೋಡ್ಕೊಳ್ಳಲಿ. ವಾಪಸ್ ತಂದ್ರೆ ಸಾಕು, ನಾಳೆ ಮತ್ತೆ ಕೊಡ್ತೀನಿ."