ಪಡಸಾಲ್ಯಾಗ ಓಡಿದ ಸೈಕಲ್

ನಮ್ಮ ಮೊಮ್ಮಗಳು ಆರಿಸಿ ಬಂದ್ಲು! ಜಿಲ್ಲಾದ ಸೈಕಲ್ ಟೀಮಿನ್ಯಾಗ ನಮ್ಮ ಕಾಗವಾಡದ ಹುಡುಗಿ ಒಬ್ಬಾಕಿ ಅದಾಳ, ಆಕಿ ನಮ್ಮ ಮನಿಯಾಕಿ! ಇದನ್ನ ಮೊದಲ ಹೇಳಿಬಿಟ್ರ ನನ್ನ ಎದಿ ಹಗುರ ಆಗತೈತಿ, ಉಳದದ್ದು ಸಾವಕಾಶ ಹೇಳತೀನಿ. ಮುಂಜಾನಿಂದ ಹಾಲು ಒಯ್ಯಾಕ ಬಂದವ್ರಿಗೆ ಹೇಳೀನಿ, ಬಸದಿಗೆ ಬಂದವ್ರಿಗೆ ಹೇಳೀನಿ, ಕಡೀಕ ಎಮ್ಮಿಗೂ ಹೇಳಿದೆ. ಎಮ್ಮಿ ಒಂದ ಸುಮ್ಮನ ಕೇಳಿತು. ಉಳದವ್ರು, “ಹೌದ್ರಿ ಆಯಿ, ನಿನ್ನೆ ರಾತ್ರಿನ ಹೇಳೀರಲ್ರಿ” ಅಂತ ನಕ್ಕರು. ನಗಲಿ ಬಿಡ್ರಿ.

ಹುಡುಗಿಗೆ ಸೈಕಲ್ ಕೊಡಿಸಿದಾವ ಆಕಿ ಸೋದರಮಾವ. ಬಗ್ಗಿದ ಹ್ಯಾಂಡಲ್, ತೆಳ್ಳನ ಗಾಲಿ. ಆಕಿ ತುಳಿಯೂದ ನೋಡಿ ಸಾಲಿ ಆಟದ ಸರ್, “ಇಕಿ ಕಾಲಾಗ ಕಸುವ ಐತಿ, ಜಿಲ್ಲಾಕ್ಕ ಆರಿಸೂ ಪಂದ್ಯಕ್ಕ ಕಳಸ್ರಿ” ಅಂದ್ರು. ದಿನಾ ಸಂಜಿಮುಂದ ಶೇಡಬಾಳ ರೋಡ್ ಹಿಡದು ಹೋಗಿ ಬರತಿದ್ಲು. ಅಷ್ಟರಾಗ ದೀಪಾವಳಿ ಮುಗದು ಕಬ್ಬಿನ ಹಂಗಾಮ ಸುರು ಆತು. ರೋಡ್ ತುಂಬ ಟ್ರ್ಯಾಕ್ಟರ, ಅದರ ನಡಕ ಎತ್ತಿನ ಗಾಡಿ. ಒಂದ ಸಂಜಿ ಟ್ರೇಲರಿನ ಮ್ಯಾಲಿಂದ ಕಬ್ಬಿನ ಹೊರಿ ಜಾರಿ ಹುಡುಗಿ ಮುಂದನ ಬಿತ್ತು. ಆಕಿ ಸೈಕಲ್ ಹೊಲಕ್ಕ ಇಳಿಸಿ ಪಾರಾದ್ಲು. ಮೊಣಕೈ ಕೆತ್ತಿತ್ತು ಅಷ್ಟ.

ನನ್ನ ಮಗ ಆ ಮೊಣಕೈ ನೋಡಿದವನ, “ಮುಗೀತು. ಇನ್ನ ರೋಡಿಗೆ ಸೈಕಲ್ ಇಳಸಂಗಿಲ್ಲ” ಅಂದ.

“ಅಪ್ಪಾ, ಪಂದ್ಯ ಹಂಗಾಮ ಮುಗಿಯೂದ್ರಾಗ ಐತಿ. ಪ್ರಾಕ್ಟೀಸ್ ಇಲ್ದ ಹೆಂಗ ಹೋಗಲಿ?”

“ಅಷ್ಟ ಹುಚ್ಚ ಇದ್ರ ಮನ್ಯಾಗ ತುಳಿ.”

ಅಂವ ಅಂದದ್ದು ಸಿಟ್ಟಿಲೆ. ಹುಡುಗಿ ಅದನ್ನ ಹಿಡಕೊಂಡ್ಲು. “ಮನ್ಯಾಗ ತುಳಿಯೂ ಸಾಮಾನ ಮಿರಜ್‌ನ್ಯಾಗ ಸಿಗತೈತ್ರಿ ಅಪ್ಪಾ. ಸರ್ ಹೇಳ್ಯಾರ.” ನನ್ನ ಮಗ ತನ್ನ ಮಾತಿಗೆ ತಾನ ಸಿಕ್ಕಬಿದ್ದ. ಒಂದ ಗಳಿಗಿ ಮೀಸಿ ತಿಕ್ಕಿ ಹೇಳಿದ, “ಕೊಡಸ್ತೀನಿ. ಆರಿಸಿ ಬಂದ್ರ ಮುಂದಿಂದ ನೋಡೂಣು. ಬರಲಿಲ್ಲಂದ್ರ ಸೈಕಲ್ ಅಟ್ಟ ಏರತೈತಿ, ನೀ ಹತ್ತನೇ ಇಯತ್ತೆ ಪುಸ್ತಕ ಹಿಡಿಬೇಕು. ಆಮ್ಯಾಲೆ ಅಳೂದು ಕರಿಯೂದು ನಡಿಯಂಗಿಲ್ಲ.” ಹುಡುಗಿ ಹೂಂ ಅಂದ್ಲು. ಹೂಂ ಅನ್ನುವಾಗ ಆಕಿ ಬೆರಳು ನನ್ನ ಸೆರಗ ಹಿಡದಿದ್ವು.

ಮಗಗ ಕಬ್ಬ ಕಡಿಯೂ ಮಂದಿ ಹಿಂದ ಓಡಾಟ. ಹಿಂಗಾಗಿ ಮಿರಜ್‌ಗೆ ಹೋದವ್ರು ನಾನೂ ಮೊಮ್ಮಗಳು ಇಬ್ರ. ಸೈಕಲ್ಲನ್ನೂ ಬಸ್ಸಿನ ಟಪ್ಪಿನ ಮ್ಯಾಲೆ ಹಾಕಿಸಿ ಒಯ್ದಿದ್ವಿ. ನನಗ ಸೈಕಲ್ಲಿಂದು ಏನ ಗೊತ್ತು? ಕಲ್ತದ್ದು ಎರಡನೇ ಇಯತ್ತೆ, ತುಳಿದದ್ದು ಹೊಲಿಗಿ ಮಷೀನ್ ಅಷ್ಟ. ಆದ್ರ ಮನಿಗೊಂದ ಸಾಮಾನ ತರೂದಂದ್ರ ಹಿರ್ಯಾರ ಕೈಲೆ ಮುಟ್ಟಿ ನೋಡಿ ತರಬೇಕಂತ ನನ್ನ ಮನಸಿನ್ಯಾಗ ಇತ್ತು.

ಅಂಗಡಿಯವ ಮೂರು ನಮೂನಿ ತೋರಿಸಿದ. ಮೊದಲನೇದ್ದು ಒಂದ ಗಾಲಿಯ ನಿಂತ ಸೈಕಲ್, ನೆಲಕ್ಕ ಊರಿದ ಕಬ್ಬಿಣದ ಕಾಲು, ಕುಂಡ್ರೂ ಮಣಿಯಂಥಾ ಅಗಲ ಸೀಟು. ನೋಡಿದ ಕೂಡ್ಲೆ ನನಗ ಅದ ಮನಸಿಗೆ ಬಂತು. ಬೀಳೂ ಮಾತ ಇಲ್ಲ, ಎಲ್ಲಿಗೂ ಹೋಗೂ ಮಾತೂ ಇಲ್ಲ. ಅಂಗಡಿಯವಗೂ ಗಿರಾಕಿ ಯಾರಂತ ತಿಳೀತು. “ಆಜಿ, ಬಸೂನ ತರೀ ಬಘಾ!” ಅಂದ ಮರಾಠ್ಯಾಗ, ಕುಂತರ ನೋಡ್ರಿ ಅಂತ. ನಾ ಸೀರಿ ಕಚ್ಚಿ ಬಿಗಿ ಮಾಡಿ ಹತ್ತಿ ಕುಂತೇಬಿಟ್ಟೆ! ಅಂಗಡಿ ಮುಂದ ಹೊಂಟ ಮಂದಿ ನಿಂತ ನೋಡಾಕತ್ರು. ನಾ ತುಳಿದೆ, ಗಾಲಿ ತಿರಗಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡದು, “ಆಯಿ, ಬೆಲ್ ಹೊಡೀರಿ, ಮುಂದ ಎಮ್ಮಿ ಬಂತು!” ಅಂದ್ಲು.

“ಇದನ್ನ ತಗೊಳ್ಳೂಣು ಬೇ” ಅಂದೆ, ಇಳಿಯದನ.

ಆಕಿ ನಗೂದು ಬಿಟ್ಟು ಸನೇಕ ಬಂದ್ಲು. “ಆಯಿ, ಇದರ ಮ್ಯಾಲೆ ಕಾಲು ಗಟ್ಟಿ ಆಗತಾವ, ಖರೆ. ಆದ್ರ ಪಂದ್ಯಕ್ಕ ಇದನ್ನ ಒಯ್ಯಾಕ ಬರಂಗಿಲ್ಲ. ನನ್ನ ಸೀಟು ಬ್ಯಾರೆ, ನನ್ನ ಹ್ಯಾಂಡಲ್ ಬ್ಯಾರೆ. ಬಗ್ಗಿ ಕುಂತು ಸೊಂಟಕ್ಕ ರೂಢಿ ಆಗಬೇಕು.” ನನಗ ಪಟ್ಟನ ತಿಳೀತು. ಬ್ಯಾರೆಯವ್ರ ಒಲಿ, ಬ್ಯಾರೆಯವ್ರ ಹಂಚಿನ ಮ್ಯಾಲೆ ನನ್ನ ರೊಟ್ಟಿನೂ ಹರೀತಾವ. ಇಳಿದೆ.

ಎರಡನೇದ್ದು ಒಂದ ಚೌಕಟ್ಟು, ಅದರಾಗ ಮೂರು ಉರುಳಿ. ಅದರ ಮ್ಯಾಲೆ ತನ್ನ ಸೈಕಲ್ ಇಟ್ಟು ಏನೂ ಹಿಡೀದನ ತುಳಿಬೇಕಂತ. ಹುಡುಗಿ ಕಣ್ಣು ಅದರ ಮ್ಯಾಲ ಇತ್ತು. ಹತ್ತಿದ್ಲು. ಎರಡ ಸುತ್ತು ಚಂದ ಹೋತು, ಮೂರನೇದಕ್ಕ ಗಾಲಿ ಬದಿಗೆ ಸರದು ಅಂಗಡಿಯವನ ಹೆಗಲಿಗೆ ಬಿದ್ಲು. “ಎಂಟ ದಿನದಾಗ ಕಲೀತೀನಿ ಆಯಿ” ಅಂದ್ಲು. ಕಲೀತಿದ್ಲು, ನನಗೂ ನಂಬಿಕಿ ಇತ್ತು. ಆದ್ರ ಮೊದಲನೇ ದಿನ ಬಿದ್ದು ಮತ್ತೊಂದ ಮೊಣಕೈ ಕೆತ್ತಿದ್ರ ಆಕಿ ಅಪ್ಪ ಎಂಟ ದಿನ ಕೊಡತಿದ್ನೇನು? ಅದನ್ನ ಹೇಳಿದೆ. ಆಕಿ ಬಾಳೊತ್ತು ಉರುಳಿ ಮ್ಯಾಲೆ ಕೈ ಆಡಿಸಿ ಸೈಕಲ್ ಇಳಿಸಿಕೊಂಡ್ಲು.

ಮೂರನೇದ್ದು ಬರೇ ಒಂದ ಸ್ಟ್ಯಾಂಡು. ಸೈಕಲ್ ತನ್ನದ, ಹಿಂದಿನ ಗಾಲಿ ಅದರಾಗ ಸಿಗಿಸಿ ಬಿಗಿ ಮಾಡೂದು. ಟಯರಿಗೆ ಒಂದ ಉರುಳಿ ಒತ್ತತೈತಿ. ಎಷ್ಟ ಒತ್ತಿದ್ರ ಅಷ್ಟ ಏರು ಹತ್ತಿದಂಗ. ಹುಡುಗಿ ಹತ್ತಿ, ಬಗ್ಗಿ, ತುಳಿದು, ಇಳದು ಹೇಳಿದ್ಲು, “ಇದು ನಡೀತೈತಿ.” ಅದ ಸೈ ಆತು.

ಅಂಗಡ್ಯಾಗ ಲಾರಿ, ಟಾಂಗಾ, ಮಂದಿ ಗದ್ದಲ. ಆ ಸ್ಟ್ಯಾಂಡು ಎಷ್ಟ ಸಪ್ಪಳ ಮಾಡತೈತಿ ಅನ್ನೂದು ನಮ್ಮಿಬ್ರಿಗೂ ಕೇಳಿದ್ದಿಲ್ಲ.

ಇನ್ನ ನಮ್ಮ ಮನಿ ರೀತಿ ಹೇಳಬೇಕು. ಜೈನರ ಮನಿ, ಸೂರ್ಯ ಮುಳುಗೂದ್ರಾಗ ಊಟ ಮುಗಿಸಿ ಕೈ ತೊಳೀಬೇಕು. ಚಳಿಗಾಲದಾಗ ಹೊತ್ತು ಲಗೂನ ಮುಳಗತೈತಿ. ಹುಡುಗಿ ಸಾಲಿ ಬಿಟ್ಟು ಬರೂದು, ತುಳಿಯೂದು, ಬೆವರಿದ ಮೈ ತೊಳೆಯೂದು, ಉಣ್ಣೂದು, ಇಷ್ಟೂ ಹೊಂದವಲ್ದು. ಎರಡ ಸಂಜಿ ಅಂಗಳದಾಗ ತುಳಿದು ಉಪವಾಸ ಮಲಗಿದ್ಲು. ರೋಡಿನ ಟ್ರ್ಯಾಕ್ಟರಿನ ಗದ್ದಲದಾಗ ಸ್ಟ್ಯಾಂಡಿನ ಸಪ್ಪಳ ಆಗಲೂ ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನ ನಾ, “ಹೊಟ್ಟಿ ಕಟ್ಟಿ ಯಾರೂ ಗೆದ್ದಿಲ್ಲ, ನಸಿಕಿನ್ಯಾಗ ತುಳಿ. ಮನಿ ಒಳಗ ಕತ್ತಲಿದ್ರೇನು, ಎದರ ಟ್ರ್ಯಾಕ್ಟರ ಬರತೈತೇನು?” ಅಂದೆ.

ಮರುದಿನ ನಸಿಕಿನ್ಯಾಗ ಫರಸಿ ಕಲ್ಲು ಹಾಸಿದ ಪಡಸಾಲ್ಯಾಗ ಸುರು ಮಾಡಿದ್ಲು. ಗುರ್ರ್ ಅಂತ ಎದ್ದ ಸಪ್ಪಳಕ್ಕ ತೊಲಿ ಮ್ಯಾಲಿನ ಗುಬ್ಬಿ ಹಾರಿದ್ವು. ಸ್ವಲ್ಪ ಹೊತ್ತಿಗೆ ಬಾಗಲ ಬಡಿದ್ರು. ತೆರದ್ರ ಓಣಿಯ ಕಡೀ ಮನಿ ಅವ್ವ, ತಲಿ ಮ್ಯಾಲೆ ಜೋಳದ ಬುಟ್ಟಿ.

“ಏನ್ರಿ ಆಯಿ, ಗಿರಣಿ ಹಾಕೀರಿ, ಒಂದ ಮಾತ ಹೇಳಲಿಲ್ಲ! ಪಾಳಿ ಹಚ್ಚೂದ್ರಾಗ ಬಂದೀನಿ. ಸಣ್ಣಗ ಬೀಸ್ರಿ.”

ಸೊಸಿ ನೆಲದ ಮ್ಯಾಲೆ ಕುಂತು ನಕ್ಕಳು. ನನ್ನ ಮಗ ಕೌದಿ ಸರಿಸಿ ಎದ್ದು ಬಂದು, “ಊರ ಮಂದಿ ಬುಟ್ಟಿ ಹೊತಗೊಂಡ ಬರಾಕತ್ಯಾರ. ಇದನ್ನ ಒಳ್ಳೆ ನೋಡಿ ತಂದೀರೇನು?” ಅಂದ.

“ಸೊಸಿನೂ ನಾನ ನೋಡಿ ತಂದೀನಿ” ಅಂದೆ.

“ನಾ ಇಷ್ಟ ಸಪ್ಪಳ ಮಾಡಂಗಿಲ್ರಿ ಅತ್ತಿ” ಅಂದ್ಲು ಸೊಸಿ.

“ಹಾಂ, ಮೊದಲನೇ ವರ್ಷ ಮಾಡತಿರಲಿಲ್ಲ” ಅಂದ ಮಗ. ಜೋಳದ ಬುಟ್ಟಿ ಅವ್ವನೂ ನಗಾಕತ್ಲು. ಸಿಟ್ಟು ಅಲ್ಲಿಗೆ ಇಳೀತು. ಆದ್ರ ಅಂವ ಹೋಗುವಾಗ, “ನಾಳೆ ಸಪ್ಪಳ ಬಂದ್ರ ಬಂದ್ ಮಾಡಸ್ತೀನಿ” ಅಂದದ್ದು ಚ್ಯಾಷ್ಟಿ ಆಗಿರಲಿಲ್ಲ.

ಅವತ್ತ ಸ್ಟ್ಯಾಂಡನ್ನ ಹಿಂದಿನ ಕಾಳು ಹಾಕೂ ಖೋಲಿಗೆ ಒಯ್ದೆ. ಫರಸಿ ಇಲ್ಲ, ಮಣ್ಣಿನ ನೆಲ. ಆದ್ರ ಕಾಲು ಮಣ್ಣಾಗ ಇಳೀತಾವ, ಸೈಕಲ್ ಒಂದ ಕಡೆ ವಾಲತೈತಿ. ಹಲಗಿ ಹಾಸಿದೆ, ಹಲಗಿ ನಡುಗಿತು. ಹಲಗಿ ಮ್ಯಾಲೆ ನಾ ಹೊಲಿದ ಕೌದಿ ನಾಲ್ಕ ಮಡಿಕಿ ಮಾಡಿ ಹಾಸಿದೆ. ಹಳೇ ಸೀರಿಗಳ ದಪ್ಪನ ಕೌದಿ. ಸಪ್ಪಳ ಅಡಗಿತು. ದುಂಬಿ ಗುಂಯ್‌ಗುಟ್ಟಿದಂಗ ಅಷ್ಟ. ಪಡಸಾಲ್ಯಾಗಿನ ಓಟ ಒಂದ ದಿನಕ್ಕ ಮುಗದು, ಖೋಲ್ಯಾಗಿನ ಓಟ ಸುರು ಆತು.

ಖರೆ ಕಷ್ಟ ಅಲ್ಲಿಂದ ಮುಂದ. ಗಾಳಿ ಇಲ್ಲ, ಬೆವರು ಕೌದಿ ತೊಯ್ಯೂವಷ್ಟ. ಮುಂದ ಬರೇ ಗ್ವಾಡಿ. ಒಂದ ಮುಂಜಾನೆ ಹುಡುಗಿ ಕಾಲು ನಿಲ್ಲಿಸಿ, “ಆಯಿ, ಎಷ್ಟ ತುಳಿದ್ರೂ ಇದು ಎಲ್ಲಿಗೂ ಹೋಗವಲ್ದು. ನಾ ಸೋಲತೀನಿ” ಅಂದ್ಲು. ಕಣ್ಣಾಗ ನೀರು. ನಾ ಜಪ ಮಾಡಿಕೋತ ಕುಂತಿದ್ದೆ. ಜಪಮಣಿನೂ ತಿರಗತೈತಿ, ಎಲ್ಲಿಗೂ ಹೋಗಂಗಿಲ್ಲ. ಆದ್ರ ಮುಗಿಸಿ ಎದ್ದಾಗ ಕುಂತಾಕಿ ಒಂದಿಷ್ಟ ಬ್ಯಾರೆ ಆಗಿರತಾಳ. ಜಪಮಣಿ ತಗದಿಟ್ಟೆ. ಬೀಸಣಿಕಿ ತಗೊಂಡು ಮುಂದ ನಿಂತೆ.

“ತುಳಿ ಬೇ, ಎದರಗಾಳಿ ಐತಿ. ಈಗ ಶೇಡಬಾಳ ದಾಟಿದಿ. ಬಾವಿ ಮುಂದಿನ ಬೇವಿನ ಗಿಡ ಬಂತು. ಇನ್ನ ಉಗಾರ. ನಾಯಿ ಬೆನ್ನ ಹತ್ತೈತಿ, ಲಗೂ ತುಳಿ!”

ಆಕಿ ಅಳಕೋತ ನಕ್ಕಳು, ನಗಕೋತ ತುಳಿದ್ಲು. ಅಂದಿಂದ ಬಸ್ಸಿನ ಖಿಡಕ್ಯಾಗ ಕುಂತು ನಾ ಏನೇನ ನೋಡಿದ್ದೆ, ಅಷ್ಟೂ ಆಕಿ ಮುಂದ ಹಾಸಿದೆ. ಅಥಣಿಗೆ ಹೋದ್ವಿ, ಹೊಳಿ ಪೂಲು ದಾಟಿ ಚಿಕ್ಕೋಡಿಗೆ ಹೋದ್ವಿ. ರಾಯಬಾಗಕ್ಕ ಹೋಗುವಾಗ ನಾ ದಾರಿ ತಪ್ಪಿಸಿದೆ. “ಆಯಿ, ಆ ಊರು ಈ ಕಡೆ ಬರಂಗಿಲ್ರಿ” ಅಂತ ಆಕಿ ತಿದ್ದಿದ್ಲು.

ನಿನ್ನೆ ಪಂದ್ಯ, ಚಿಕ್ಕೋಡ್ಯಾಗ. ಹುಡುಗಿ ಕೂಡ ಆಕಿ ಅಪ್ಪ ಹೋಗಿದ್ದ. ಮನ್ಯಾಗ ಫೋನಿಲ್ಲ, ಸುದ್ದಿ ತಿಳಿಯೂ ದಾರಿ ಇಲ್ಲ. ನಾ ಅತ್ತಾಗ ಇತ್ತಾಗ ಓಡಾಡಿ ಸಾಕಾಗಿ, ಗೆದ್ರೂ ಹೋಳಿಗಿ, ಸೋತ್ರೂ ಹೋಳಿಗಿ ಅಂತ ಬ್ಯಾಳಿ ಕುದಿಯಾಕ ಇಟ್ಟೆ. ಸೋತ ಹುಡುಗಿಗೂ ಹಸಿವು ಇರತೈತಲ್ಲ.

ಬಸ್ಸು ತಡ ಆತು. ಹೊತ್ತು ಕಬ್ಬಿನ ತುದಿಗೆ ಇಳದಾಗ ಬಂದ್ರು. ಮಗನ ಮುಖ ನೋಡಿದೆ, ಏನೂ ತಿಳೀಲಿಲ್ಲ. ಅಂವ ಸೈಕಲ್ ಒಳಗ ತಂದು, ತನ್ನ ಟವೆಲ್ಲಿಲೆ ಅದರ ಧೂಳ ಒರಿಸಾಕತ್ತ. ಹೊಲದಿಂದ ಬಂದ್ರ ತನ್ನ ಕಾಲಿನ ಧೂಳ ಒರಿಸಿಕೊಳ್ಳಾವಲ್ಲ ಅಂವ!

“ಅವ್ವಾ, ಬೆಂಗಳೂರಿಗೆ ಹೋಗಬೇಕಂತ ರಾಜ್ಯದ ಪಂದ್ಯಕ್ಕ” ಅಂದ, ಕಣ್ಣು ಎತ್ತದನ. “ನಾನ ಕರಕೊಂಡ ಹೊಕ್ಕೀನಿ. ಹುಡುಗಿ ಒಬ್ಬಾಕಿ ಹೆಂಗ ಹೋಗತಾಳ?”

ನಾ ಹುಡುಗಿನ ಅಪ್ಪಿದೆ. ಸೊಸಿ ಒಲಿ ಮುಂದಿಂದ ಓಡಿ ಬಂದ್ಲು. ಅಷ್ಟರಾಗ ಮಗನ ಒದರಿದ, “ಹೊತ್ತು ಮುಳುಗತೈತಿ, ಊಟ!”

ನಮ್ಮ ಮನ್ಯಾಗ ಗಂಡಸರು ಮೊದಲು, ಅವ್ರು ಎದ್ದ ಮ್ಯಾಲೆ ಹೆಂಗಸರು. ನಿನ್ನೆ ಎರಡ ಪಂಕ್ತಿಗೆ ಹೊತ್ತ ಇರಲಿಲ್ಲ. “ಎಲ್ಲಾರೂ ಕುಂಡ್ರಿ” ಅಂದೆ. ಹೋಳಿಗಿ ಬುಟ್ಟಿ, ಕಟ್ಟಿನ ಸಾರಿನ ಬೋಗಾಣಿ, ತುಪ್ಪದ ಗಿಂಡಿ ನಡಕ ಇಟ್ಟು ಸುತ್ತ ಕುಂತ್ವಿ. ಸೊಸಿ ಗಂಡನ ಮಗ್ಗಲಿಗೆ ಕುಂಡ್ರಾಕ ನಾಚಿ ಸೆರಗ ಎಳಕೊಂಡ್ಲು. ಮಗ ಒಂದ ಹೋಳಿಗಿ ತಗದು ಮೊದಲ ಮಗಳ ತಾಟಿಗೆ ಹಾಕಿದ, ಆಮ್ಯಾಲೆ ಹೆಂಡತಿ ತಾಟಿಗೆ, ಆಮ್ಯಾಲೆ ನನ್ನ ತಾಟಿಗೆ. ಖಿಡಕ್ಯಾಗ ಇನ್ನೂ ಬೆಳಕಿತ್ತು. ಎಲ್ಲಾರ ಬಾಯಿ ತುಂಬ ಹೋಳಿಗಿ ಇತ್ತು.