ಪರದೆಯ ಹಿಂದಿನ ತಕ್ಕಡಿ

ಬೆಳಗಿನ ಐದೂಮುಕ್ಕಾಲು. ಸೈಕಲ್ ಅಂಗಡಿಯ ಹಿಂಭಾಗದ ಸಿಮೆಂಟ್ ಕಟ್ಟೆಯ ಮೇಲೆ, ನಿನ್ನೆ ಬಾಡಿಗೆಗೆ ಹೋಗಿ ಬಂದ ಹದಿನೇಳು ಸೈಕಲ್‌ಗಳು ಕೆಸರು ಮೆತ್ತಿಕೊಂಡು ನಿಂತಿವೆ. ರಬ್ಬರ್ ಬೂಟು ಹಾಕಿದ, ಐವತ್ತೆರಡರ ಹೆಂಗಸೊಬ್ಬರು ಕೈಯಲ್ಲಿ ನೀರಿನ ಪೈಪ್ ಹಿಡಿದಿದ್ದಾರೆ, ಆದರೆ ನಲ್ಲಿ ತಿರುಗಿಸುತ್ತಿಲ್ಲ. ಮೊದಲು ಒಂದೊಂದು ಸೈಕಲ್ ಮುಂದೂ ಕುಕ್ಕರಗಾಲಲ್ಲಿ ಕೂತು, ದಾರಿಯ ಕುಲುಕಾಟ ನುಂಗುವ ಶಾಕ್‌ನ ನುಣುಪಾದ ಕಂಬಿಗೆ ತೊಡಿಸಿರುವ ತೆಳ್ಳನೆಯ ರಬ್ಬರ್ ಉಂಗುರ ಎಲ್ಲಿ ನಿಂತಿದೆ ಎಂದು ನೋಡುತ್ತಾರೆ.

"ಶಾಕ್ ಎಷ್ಟು ಕುಗ್ಗುತ್ತೋ ಅಷ್ಟು ದೂರ ಈ ಉಂಗುರಾನ ತಳ್ಕೊಂಡು ಹೋಗುತ್ತೆ. ಶಾಕ್ ವಾಪಸ್ ಬರುತ್ತೆ, ಉಂಗುರ ಅಲ್ಲೇ ಇರುತ್ತೆ. ನೀರು ಬಿಟ್ಟು ಒರೆಸಿದ್ರೆ ಮುಗೀತು, ನಿನ್ನೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ" ಎನ್ನುತ್ತಾರೆ. ನೋಡಿದ್ದನ್ನು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಆಮೇಲೆ ನಲ್ಲಿ ತಿರುಗಿಸುತ್ತಾರೆ.

ಅಂಗಡಿಯವರೆಲ್ಲ ಇವರನ್ನು 'ತಕ್ಕಡಿ ಅಕ್ಕ' ಎಂದು ಕರೆಯುತ್ತಾರೆ. ಅಂಗಡಿಯ ಹಿಂದಿನಿಂದಲೇ ಗುಡ್ಡದ ದಾರಿ ಶುರುವಾಗುತ್ತದೆ. ಮೂವತ್ತೊಂದು ಕಿಲೋಮೀಟರ್ ಸುತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಂಡೆ. ಅಂಗಡಿಯ ಹತ್ತಿರವೇ ಇರುವ ಅತಿ ಕೆಟ್ಟ ತುಣುಕಿಗೆ ಸವಾರರು 'ದವಡೆ' ಎಂದು ಹೆಸರಿಟ್ಟಿದ್ದಾರೆ. ಕಲ್ಲುಗಳು ಹಾಗೆಯೇ ಸಾಲಾಗಿ ಮೇಲೆದ್ದಿವೆ. ಆ ದಾರಿಗೆಂದು ಮುಂದೆಯೂ ಹಿಂದೆಯೂ ಶಾಕ್ ಇರುವ ಸೈಕಲ್ ಕೊಳ್ಳಲು ಬಂದವರಿಗೆ ಯಾವುದು ಹೊಂದುತ್ತದೆ ಎಂದು ಹೇಳುವುದು, ಅವರ ತೂಕಕ್ಕೆ ತಕ್ಕಂತೆ ಶಾಕ್‌ಗೆ ಗಾಳಿ ತುಂಬುವುದು ಅಕ್ಕನ ಕೆಲಸ. ಅವರ ಹುದ್ದೆಯ ಹೆಸರು ಮಾತ್ರ ಇವತ್ತಿಗೂ 'ತೊಳೆಯುವವರು'.

ತೊಳೆಯುವುದಕ್ಕೇ ಸೇರಿದ್ದು, ಹತ್ತೊಂಬತ್ತು ವರ್ಷದ ಹಿಂದೆ. ಎಸೆದಿದ್ದ ಒಂದು ಶಾಕನ್ನು ಮನೆಗೆ ಒಯ್ದು, ಊಟದ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಬಿಚ್ಚಿದರು. ಜೋಡಿಸಲು ಬರಲಿಲ್ಲ. ಮತ್ತೆ ಬಿಚ್ಚಿದರು. "ನಮ್ಮತ್ತೆ ಬಾಯಿ ಮಾಡಿದ್ದೇ ಮಾಡಿದ್ದು. ಈ ಮನೇಲಿ ಅಡುಗೆ ಎಣ್ಣೆ ಯಾವುದು, ಸೈಕಲ್ ಎಣ್ಣೆ ಯಾವುದು ಅಂತ ಮೂಸಿ ನೋಡ್ಬೇಕು ಅಂದ್ರು. ನಾಲ್ಕನೇ ಸಲ ಸರಿಯಾಗಿ ಕೂತಾಗ ಮೊದ್ಲು ಕರೆದು ತೋರಿಸಿದ್ದು ಅವರಿಗೇ." ಗಂಡ ಶಾಲೆಯ ವ್ಯಾನ್ ಓಡಿಸುತ್ತಾರೆ. ಹೆಂಡತಿಯ ಕೆಲಸದ ಬಗ್ಗೆ ಅವರದು ಒಂದೇ ತಕರಾರು: ನನ್ನನ್ನು ಮಾತ್ರ ಆ ತಕ್ಕಡಿ ಮೇಲೆ ನಿಲ್ಲಿಸಬೇಡ.

ದಿನಕ್ಕೆ ಹದಿನೈದರಿಂದ ಇಪ್ಪತ್ತು ಸೈಕಲ್, ರಜೆ ದಿನ ಮೂವತ್ತು. ತಣ್ಣೀರಿಗೆ ಬೆರಳು ಸೆಟೆದುಕೊಳ್ಳುತ್ತವೆ, ಎಡ ಮೊಣಕಾಲು ಮಡಚಿದರೆ ಬಿಡಿಸಲು ಗೋಡೆ ಬೇಕು. ಅದೆಲ್ಲ ಅವರಿಗೆ ಲೆಕ್ಕಕ್ಕಿಲ್ಲ. ಬೇಸರವಾಗುವುದು, ಗಿರಾಕಿಗಳು ಅವರ ಹೆಗಲ ಮೇಲಿಂದ ಇಣುಕಿ "ಮೆಕ್ಯಾನಿಕ್ ಇಲ್ವಾ?" ಎಂದು ಕೇಳಿದಾಗ. "ಇದ್ದಾರೆ, ಕೂತ್ಕೊಳ್ಳಿ" ಎಂದು ಒಳಗೆ ಹೋಗಿ, ಏಪ್ರನ್ ಬದಲಿಸಿ, ಅವರೇ ಹೊರಗೆ ಬರುತ್ತಾರೆ.

ಒಳಗಿನ ಮೂಲೆಯಲ್ಲಿ ಒಂದು ಪರದೆ, ಅದರ ಹಿಂದೆ ಸಾಮಾನು ತೂಗುವ ಹಳೆಯ ಕಬ್ಬಿಣದ ತಕ್ಕಡಿ. ಅದರ ಮುಖ ನಿಲ್ಲುವವರ ಕಡೆಗಿಲ್ಲ, ಅಕ್ಕನ ಕಡೆಗೆ ತಿರುಗಿದೆ. ಬೂಟು, ಹೆಲ್ಮೆಟ್, ನೀರು ತುಂಬಿದ ಚೀಲ ಎಲ್ಲ ಹಾಕಿಕೊಂಡೇ ನಿಲ್ಲಬೇಕು. ಅಕ್ಕ ಮುಳ್ಳನ್ನು ನೋಡುತ್ತಾರೆ, ತುಟಿ ಪಿಟಕ್ ಎನ್ನುವುದಿಲ್ಲ, ನೇರ ಹೋಗಿ ಗಾಳಿ ತುಂಬುತ್ತಾರೆ. ಎಲ್ಲೂ ಬರೆದಿಡುವುದೂ ಇಲ್ಲ. ಪೇಪರಿಗೆ ಬರೆಯಲು ಬಂದ ನನ್ನನ್ನೂ ನಿಲ್ಲಿಸಿದರು. ಅದಕ್ಕೆ ಮುಂಚೆ "ನಿಮ್ಮ ಅಂದಾಜಲ್ಲಿ ಎಷ್ಟು?" ಎಂದು ಕೇಳಿದ್ದರು. ನಾನು ನಾಲ್ಕು ಕೆ.ಜಿ. ನುಂಗಿ ಹೇಳಿದ್ದೆ. ಮುಳ್ಳು ನೋಡಿದ ಆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಈ ಪರದೆಗೆ ಎರಡು ವರ್ಷ. ಅದಕ್ಕೂ ಮೊದಲು ಎಲ್ಲ ಅಂಗಡಿಗಳಂತೆ ಇಲ್ಲೂ ಬಾಯಲ್ಲೇ ಕೇಳುತ್ತಿದ್ದರು. ಹಾಗೆ ಕೇಳಿ ಸೈಕಲ್ ಬಾಡಿಗೆಗೆ ಕೊಟ್ಟ ಒಂದು ದಿನ, ಶಾಲೆಯೊಂದರ ಗಣಿತದ ಟೀಚರ್ ದವಡೆಯಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡರು. ಶಾಕ್‌ನಲ್ಲಿ ಗಾಳಿ ಕಡಿಮೆ ಇತ್ತು, ಸೈಕಲ್ ತಗ್ಗಿ ಓಡುತ್ತಿತ್ತು, ಪೆಡಲ್ ಕಲ್ಲಿಗೆ ಬಡಿಯಿತು. ಗಾಳಿ ತುಂಬಿದ್ದು ಅಕ್ಕ. ಮಾಲೀಕರು ಎಂಟು ತಿಂಗಳು ಅವರ ಕೈಗೆ ಪಂಪ್ ಕೊಡಲಿಲ್ಲ, ಬರೀ ತೊಳೆಯಲು ಹಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ತಪ್ಪು ಅಕ್ಕನದಲ್ಲ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಬಿದ್ದ ಆ ಸೈಕಲ್ ತೊಳೆಯಲು ಬಂದದ್ದೂ ಅಕ್ಕನ ಕೈಗೇ. ಉಂಗುರ ಕೊನೆಗೆ ಹೋಗಿ ಕೂತಿತ್ತು, ಅಂದರೆ ಶಾಕ್ ಪೂರ್ತಿ ಕುಗ್ಗಿತ್ತು. ಪಂಪಿನ ಮೀಟರನ್ನು ಬೇರೆ ಮೂರು ಮೀಟರ್‌ಗಳ ಜೊತೆ ಹೋಲಿಸಿ ನೋಡಿದರು, ಸರಿಯಾಗಿತ್ತು. ಹೇಳಿದ ತೂಕಕ್ಕೆ ತಕ್ಕ ಗಾಳಿಯನ್ನೇ ತುಂಬಿದ್ದರು. ತಪ್ಪಿದ್ದದ್ದು ಟೀಚರ್ ಹೇಳಿದ ತೂಕ. ಅದನ್ನು ಅಕ್ಕ ಮಾಲೀಕರಿಗೆ ಹೇಳಲಿಲ್ಲ. ಯಾಕೆ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ನಾನು ಅವರನ್ನ ಕೇಳಿದ್ದು ನಾಲ್ಕು ಜನ ಗಂಡಸರ ಮುಂದೆ. ಎಲ್ರೂ ಅವರ ಶಾಲೆಯವರೇ. ಆಗ ಯಾರು ತಾನೆ ಸರಿಯಾಗಿ ಹೇಳ್ತಾರೆ? ಕೇಳಿದ ರೀತೀನೇ ತಪ್ಪು. ಅದು ನಂದೇ ತಾನೆ?"

ಪಂಪ್ ಕೈಗೆ ವಾಪಸ್ ಬಂದ ದಿನವೇ ತಕ್ಕಡಿ ತರಿಸಿ, ಪರದೆಯನ್ನು ತಾವೇ ಹೊಲಿದರು.

ಇವತ್ತು ಏಳೂವರೆಗೆ ಆ ಟೀಚರ್ ಬರುತ್ತಾರೆ. ಬಿದ್ದ ಮೇಲೆ ಸೈಕಲ್ ಮುಟ್ಟಿರಲಿಲ್ಲವಂತೆ, ಈಗ ಸ್ವಂತದ್ದೇ ಬೇಕಂತೆ. ಅಕ್ಕ ಬೆಳಗಿನಿಂದ ಎರಡು ಸಲ ತಕ್ಕಡಿ ಒರೆಸಿದ್ದಾರೆ. "ಮತ್ತೆ ಬಿದ್ರೆ ಅವರು ಜನ್ಮದಲ್ಲಿ ಹತ್ತಲ್ಲ. ನಾನೂ ಪಂಪ್ ಮುಟ್ಟಲ್ಲ" ಎನ್ನುತ್ತಾರೆ, ಪೈಪ್ ಸುತ್ತುತ್ತಾ.

ಟೀಚರ್ ಬಂದವರೇ ಅಂಗಡಿಯ ಅತಿ ದಪ್ಪ ಸೈಕಲ್ ಮುಂದೆ ನಿಲ್ಲುತ್ತಾರೆ. ನೂರೈವತ್ತು ಮಿಲಿಮೀಟರ್ ಕುಗ್ಗುವ ಶಾಕ್. "ಜಾಸ್ತಿ ಇದ್ದಷ್ಟೂ ಸೇಫ್ ಅಲ್ವಾ?" ಮಾಲೀಕರು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಅಕ್ಕ ಕಡ್ಡಿ ಮುರಿದಂತೆ ಬೇಡ ಎನ್ನುತ್ತಾರೆ.

"ನೀವು ಗುಡ್ಡದಿಂದ ಹಾರೋರಾ? ಅಲ್ಲ ತಾನೆ. ಇಲ್ಲಿ ಇಳಿಯೋದು ಅರ್ಧ ಗಂಟೆ, ಹತ್ತೋದು ಎರಡು ಗಂಟೆ. ಇದನ್ನ ಹತ್ತಿಸೋದ್ರಲ್ಲೇ ನಿಮ್ಮ ಜೀವ ಹೋಗುತ್ತೆ, ಸುಸ್ತಾದ ಕಾಲಲ್ಲಿ ದವಡೆಗೆ ಬರ್ತೀರ. ನೂರಿಪ್ಪತ್ತರದ್ದು ಸಾಕು. ಟೈರ್ ಅಗಲ ಇರ್ಲಿ, ಅದರಲ್ಲಿ ಗಾಳಿ ಸ್ವಲ್ಪ ಕಮ್ಮಿ ಇರ್ಲಿ. ಇಳಿಜಾರಲ್ಲಿ ಸೀಟು ಕೆಳಗಿಳಿಸೋ ಗುಂಡಿ ಇರೋದನ್ನೇ ತಗೊಳ್ಳಿ." ಮಾಲೀಕರು ಏನೋ ಹೇಳಹೊರಟಾಗ ಹಲಗೆ ತೋರಿಸುತ್ತಾರೆ: ದಪ್ಪ ಸೈಕಲ್ ಒಯ್ದವರಲ್ಲಿ ಹೆಚ್ಚಿನವರ ಉಂಗುರ ತೊಂಬತ್ತು ಕೂಡ ದಾಟಿಲ್ಲ. ಮಾಲೀಕರು ಹಲಗೆಯನ್ನು ಇವತ್ತೇ ಮೊದಲ ಸಲ ನೋಡುವವರಂತೆ ನೋಡುತ್ತಾರೆ.

ನೂರಿಪ್ಪತ್ತರ ಹಸಿರು ಸೈಕಲ್ ಹೊರಗೆ ಬರುತ್ತದೆ. ಇನ್ನು ತೂಕ. ಚೀಲ ಏರಿಸಿಕೊಂಡು ಪರದೆಯ ಒಳಗೆ ಹೋದ ಟೀಚರ್ ತಕ್ಕಡಿ ಹತ್ತದೆ ಚೀಲದ ಪಟ್ಟಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುತ್ತಾರೆ. ಅಕ್ಕ ಅವಸರ ಮಾಡುವುದಿಲ್ಲ. ಕೊನೆಗೆ ಕಬ್ಬಿಣ ಕಿರ್ರ್ ಎನ್ನುತ್ತದೆ.

"ಮುಳ್ಳು ನನ್ನ ಕಡೆ ತಿರುಗಿಸ್ತೀರಾ?"

"ಬೇಡ ಬಿಡಿ, ನಾನು ನೋಡ್ಕೊಂಡೆ."

"ತಿರುಗಿಸಿ."

ಆಮೇಲೆ ಪರದೆಯ ಒಳಗಿಂದ, ತರಗತಿಯ ಕೊನೆ ಬೆಂಚಿಗೂ ಕೇಳಿಸುವ ದನಿಯಲ್ಲಿ, ಟೀಚರ್ ತಮ್ಮ ತೂಕವನ್ನು ಓದುತ್ತಾರೆ. ಅಂಗಡಿಯಲ್ಲಿದ್ದ ಆರೂ ಮಂದಿಗೆ ಕೇಳಿಸುತ್ತದೆ. "ಆವತ್ತೂ ಇಷ್ಟೇ ಇತ್ತು. ನಾನು ಹದಿಮೂರು ಕೆ.ಜಿ. ಕಡಿಮೆ ಹೇಳಿದ್ದೆ. ಲೆಕ್ಕದ ಟೀಚರ್ ನಾನು! ಎರಡೂವರೆ ವರ್ಷದಿಂದ ಇದನ್ನ ಹೇಳೋಕೆ ಇಲ್ಲಿಗೆ ಬರ್ಬೇಕು ಅಂತಾನೇ ಇದ್ದೆ."

ಮಾಲೀಕರ ಮುಖ ಇಳಿದುಹೋಗುತ್ತದೆ. ಎಂಟು ತಿಂಗಳ ನೆನಪು ಅವರಿಗೂ ಇದೆ. ಅಕ್ಕನ ಕಡೆ ನೋಡಲಾಗದೆ, ಗೂಟದಲ್ಲಿದ್ದ ಪಂಪನ್ನು ತಾವೇ ತೆಗೆದು, ಎರಡೂ ಕೈಯಲ್ಲಿ ತಂದು ಕೊಡುತ್ತಾರೆ. ಅಕ್ಕ ಪಂಪ್ ತೆಗೆದುಕೊಂಡು ಕೆಲಸಕ್ಕೆ ಕೂರುತ್ತಾರೆ. ಟೀಚರ್ ಸೀಟಿನ ಮೇಲೆ ಕೂತಾಗ ಹಿಂದಿನ ಶಾಕ್ ಕಾಲು ಭಾಗ ಕುಗ್ಗಬೇಕು. ಅಷ್ಟು ಸಿಗುವವರೆಗೆ ಮೂರು ಸಲ ಹತ್ತಿಸಿ ಇಳಿಸುತ್ತಾರೆ, ಉಂಗುರಗಳನ್ನು ಬುಡಕ್ಕೆ ತಳ್ಳಿ, ದವಡೆಯಲ್ಲಿ ಓಡಿಸಿ ನೋಡಲು ಕಳಿಸುತ್ತಾರೆ.

ದವಡೆಗೆ ಹೋಗಿ ಬರಲು ನಲವತ್ತು ನಿಮಿಷ ಸಾಕು. ಐವತ್ತಾಗುತ್ತದೆ. ಅಕ್ಕ ತೊಳೆದ ಸೈಕಲ್ ಒಂದನ್ನು ಮತ್ತೆ ತೊಳೆಯುತ್ತಾರೆ. ಒಂದು ಗಂಟೆಯ ಹೊತ್ತಿಗೆ ದಾರಿಯ ತಿರುವಿನಲ್ಲಿ ಹಸಿರು ಕಾಣಿಸುತ್ತದೆ. ಟೀಚರ್‌ಗೆ ಮೈಯೆಲ್ಲ ಧೂಳು, ಮುಖದ ತುಂಬ ನಗು. "ದವಡೇನ ಎರಡು ಸಲ ಇಳಿದೆ! ಅದಕ್ಕೇ ತಡ!"

ಅಕ್ಕ ಗೋಡೆ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾರೆ. ಹಿಂದಿನ ಉಂಗುರ, ಮುಂದಿನ ಉಂಗುರ. ಎರಡೂ ಕೊನೆ ಮುಟ್ಟುವ ಸ್ವಲ್ಪ ಮುಂಚೆ ನಿಂತಿವೆ. "ಬೆರಳಗಲ ಉಳಿದಿದೆ" ಎನ್ನುತ್ತಾರೆ, ಬೆರಳಿಟ್ಟು ತೋರಿಸಿ. ಆ ಸೈಕಲ್ಲನ್ನು ಮಾತ್ರ ಆ ಹೊತ್ತು ತೊಳೆಯುವುದಿಲ್ಲ.

ಹೊರಡುವಾಗ, ಪೇಪರಿನಲ್ಲಿ ಏನು ಬರಬೇಕು ಎಂದು ಆಸೆ ಎಂದು ಕೇಳಿದೆ. ಹುದ್ದೆಯ ಹೆಸರು ಬದಲಾಗಲಿ ಎನ್ನುತ್ತಾರೇನೋ ಎಂದುಕೊಂಡಿದ್ದೆ.

"ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ. ಆ ಟೀಚರ್ ತೂಕ ಮಾತ್ರ ಹಾಕ್ಬೇಡಿ. ಅವರು ಹೇಳಿದ್ರು ಅಂತ ನಾವು ಹೇಳ್ಬಾರ್ದು." ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ನಿಮ್ಮದೂ ನಾನು ಯಾರಿಗೂ ಹೇಳಲ್ಲ" ಎಂದರು.